ತೊಂಬತ್ತೊಂಬತ್ತು ವರ್ಷದ ಕೋಡಿ

ಬೀಗರು ಕಳುಹಿಸಿದ ಸಂದೇಶವನ್ನು ಓದದೆ ಅಳಿಸಿಹಾಕುವಷ್ಟು ಧೈರ್ಯ ಹೆಣ್ಣು ಕೊಟ್ಟ ತಂದೆಗೆ ಇರುವುದಿಲ್ಲ. ಆದ್ದರಿಂದ 2025ರ ಸಂಕ್ರಾಂತಿ ಕಳೆದ ಮೂರನೆಯ ಬೆಳಿಗ್ಗೆ, ಚಳ್ಳಕೆರೆಯಲ್ಲಿರುವ ನನ್ನ ಮಗಳ ಮಾವನವರಿಂದ ಮೊಬೈಲ್ ಪರದೆ ತುಂಬಿ ಕೆಳಗೆ ಸುರಿಯುವಷ್ಟು ಉದ್ದದ ವಾಟ್ಸಾಪ್ ಸಂದೇಶ ಬಂದಾಗ, ಕೈಯಲ್ಲಿದ್ದ ಕಾಫಿ ಆರಿದರೆ ಆರಲಿ ಎಂದು ಮೊದಲ ಸಾಲಿನಿಂದಲೇ ಓದಲು ಕುಳಿತೆ. ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತೂ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಷರಾವೂ ಇದ್ದವು. ಒಂದು ಸಂದೇಶ ಐದು ಕೈ ದಾಟಿದ ಮೇಲೆ ಈ ಗುರುತು ಬೀಳುತ್ತದೆಂದೂ, ಅಲ್ಲಿಂದ ಮುಂದೆ ಅದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಲು ಸಾಧ್ಯವೆಂದೂ ನನ್ನ ಮಗ ಹಿಂದೊಮ್ಮೆ ಹೇಳಿದ್ದ. ಅಂದರೆ ಬೀಗರು ಇದನ್ನು ಊರಿಗೆಲ್ಲ ಎರಚಿದ್ದಲ್ಲ; ನನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು, ನನ್ನ ಹೆಸರನ್ನೇ ಹುಡುಕಿ ಒತ್ತಿದ್ದರು.

ಬರಹ ಚೆನ್ನಾಗಿತ್ತು. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದ ಸಂಭ್ರಮವನ್ನು ಯಾರೋ ತಿಳಿದವರು ಬರೆದಂತಿತ್ತು. ‘ಕಣಿವೆ ಕೋಡಿ ಬಿದ್ದ ವರ್ಷವೇ ನನ್ನ ಮುಂದಿನ ಹಲ್ಲೂ ಬಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಲ್ಲು ಆರು ತಿಂಗಳಿಗೆ ಮತ್ತೆ ಬಂತಂತೆ. ಕೋಡಿ ಮಾತ್ರ ಅವಳ ಜೀವಮಾನದಲ್ಲಿ ಮತ್ತೆ ಬರಲಿಲ್ಲ’ ಎಂಬ ಸಾಲುಗಳನ್ನು ಓದಿ, ನಮ್ಮಜ್ಜಿಯೂ ಇದೇ ಮಾತು ಹೇಳುತ್ತಿದ್ದಳಲ್ಲ, ಆ ಕಾಲದ ಅಜ್ಜಿಯರೆಲ್ಲ ಒಂದೇ ಅಚ್ಚಿನವರು ಎಂದು ತಲೆದೂಗಿದೆ. ಮುಂದಿನ ಪ್ಯಾರಾದಲ್ಲಿ ಲೇಖಕರ ಹೆಂಡತಿ ‘ನೀರು ನೋಡಲು ಕರೆತಂದು ನೀರಡಿಕೆಯಿಂದ ಸಾಯಿಸುತ್ತಿದ್ದೀರಲ್ಲ’ ಎಂದು ಗಂಡನನ್ನು ಗದರುವ ಜಾಗ ಬಂದಾಗ ಮಾತ್ರ ಲೋಟವನ್ನು ಕೆಳಗಿಟ್ಟೆ. ಆ ಹೆಂಡತಿ ಆ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು.

ಸಂದೇಶದ ಕೊನೆಯಲ್ಲಿ ನನ್ನ ಹೆಸರು ಇರಬೇಕಾದ ಜಾಗದಲ್ಲಿ ‘ಲೇಖಕರು ಯಾರೋ ತಿಳಿಯದು, ಅವರಿಗೊಂದು ನಮನ. ಕೃಪೆ: ವಾಟ್ಸಾಪ್’ ಎಂದಿತ್ತು. ಅದರ ಕೆಳಗೆ ಬೀಗರು ತಮ್ಮ ಸ್ವಂತ ಬೆರಳಿನಿಂದ ಒತ್ತಿದ ಎರಡು ಸಾಲು ಹೀಗಿದ್ದವು: ‘ಬೀಗರೇ, ನೀವೂ ಆಗಾಗ ಏನೋ ಬರೆಯುತ್ತೀರೆಂದು ಸೊಸೆ ಹೇಳಿದಳು. ಬರೆದರೆ ಹೀಗೆ ಬರೆಯಬೇಕು ನೋಡಿ.’

ಈ ಬರಹ ಹುಟ್ಟಿದ್ದು 2022ರ ಸೆಪ್ಟೆಂಬರಿನಲ್ಲಿ. ಚಿತ್ರದುರ್ಗ ಜಿಲ್ಲೆಯವರಿಗೆ ವಾಣಿವಿಲಾಸ ಸಾಗರವೆಂದರೆ ಬರೀ ‘ಕಣಿವೆ’. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1907ರಲ್ಲಿ ಮುಗಿಯಿತು. ನೂರಾ ಮೂವತ್ತು ಅಡಿ ನೀರು ನಿಂತರೆ ತುಂಬಿದಂತೆ. 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಅದು ಮತ್ತೆ ತುಂಬಿದ್ದನ್ನು ಕಂಡವರಿರಲಿಲ್ಲ. ಬರದ ನಾಡಿನ ಜನ ನಾವು. ಬೇರೆ ಊರಿನವರು ಮಕ್ಕಳ ವಯಸ್ಸನ್ನು ಜಾತ್ರೆಯಿಂದಲೋ ಪ್ಲೇಗಿನಿಂದಲೋ ಎಣಿಸಿದರೆ, ಹಿರಿಯೂರು ಕಡೆಯ ನನ್ನ ತಾಯಿಯ ತಾಯಿ ತನ್ನ ವಯಸ್ಸನ್ನು ಕೋಡಿಯಿಂದ ಎಣಿಸುತ್ತಿದ್ದಳು. ಅಪ್ಪನ ಹೆಗಲ ಮೇಲೆ ಕುಳಿತು ಆ ನೀರನ್ನು ಕಂಡಾಗ ಅವಳಿಗೆ ಆರು ವರ್ಷ. 2022ರಲ್ಲಿ ಕಣಿವೆ ಎರಡನೆಯ ಸಲ ಕೋಡಿ ಬಿದ್ದಾಗ ಅವಳಿರಲಿಲ್ಲವಾದ್ದರಿಂದ ಅವಳ ಪರವಾಗಿ ನಾನೇ ಹೋಗಿ ನೋಡಿ ಬರುವುದೆಂದು ತೀರ್ಮಾನಿಸಿ, ಬುತ್ತಿಗೆ ಮೊಸರನ್ನ ಕಟ್ಟಿಸಿಕೊಂಡು, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅಂದು ಇಡೀ ಜಿಲ್ಲೆಯೇ ಅದೇ ತೀರ್ಮಾನ ಮಾಡಿತ್ತು. ನೀರಿಗಿಂತ ಮೊದಲು ನಮಗೆ ಕಂಡದ್ದು ಎರಡು ಗಂಟೆ ಕಾಲ ಒಂದು ಲಾರಿಯ ಹಿಂಭಾಗ.

ಮನೆಗೆ ಬಂದು, ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು, ಒಂದೇ ಬೆರಳಿನಲ್ಲಿ ರಾತ್ರಿ ಹನ್ನೊಂದರವರೆಗೆ ಒತ್ತಿ ಬರೆದದ್ದನ್ನು ಫೇಸ್‌ಬುಕ್ಕಿನಲ್ಲಿ ಹಾಕಿದೆ. ಅದಕ್ಕೆ ಒಟ್ಟು 41 ಮೆಚ್ಚುಗೆಗಳು ಬಂದವು. ಅವುಗಳಲ್ಲಿ ಹದಿನಾರು ನೆಂಟರವು, ಒಂಬತ್ತು ನಮ್ಮ ಕಚೇರಿಯವರವು, ಒಂದು ನನ್ನದೇ. ಒಬ್ಬರು ‘ಸೂಪರ್ ಸಾರ್’ ಎಂದು ಬರೆದರು. ಇನ್ನೊಬ್ಬರು, ಬರಹವನ್ನು ಓದದೆ ನಿಧನವಾರ್ತೆಯೆಂದು ಭಾವಿಸಿದ್ದರೋ ಏನೋ, ‘ಓಂ ಶಾಂತಿ’ ಎಂದು ಬರೆದರು. ಅಲ್ಲಿಗೆ ಆ ಬರಹದ ಜೀವನ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ನನ್ನನ್ನು ಬಿಟ್ಟು ಊರೂರು ಸುತ್ತಿ ಇಷ್ಟು ಚೆನ್ನಾಗಿ ಬಾಳುತ್ತಿದೆಯೆಂದು ಗೊತ್ತಾದದ್ದು ಬೀಗರ ಕೃಪೆಯಿಂದಲೇ.

ನನ್ನ ಹೆಸರು ಉದುರಿದ್ದಕ್ಕೆ ನಾನೇ ಕಾರಣ. ಮೂವತ್ತೆರಡು ವರ್ಷ ಸರಕಾರಿ ಲೆಕ್ಕಪತ್ರ ಶಾಖೆಯಲ್ಲಿ ಕುಳಿತವನಿಗೆ ಸಹಿ ಎಂದರೆ ಹಾಳೆಯ ಬುಡದಲ್ಲಿ ಬೀಳಬೇಕಾದ ವಸ್ತು. ಆದರೆ ಮೊಬೈಲಿನಲ್ಲಿ ಬೆರಳು ಎಳೆದು ನಕಲು ಮಾಡುವವನು ಬುಡದವರೆಗೆ ಎಳೆಯುವುದಿಲ್ಲ. ಅವನ ಬೆರಳು ಹೆಸರಿಗಿಂತ ಒಂದು ಸಾಲು ಮೇಲೆಯೇ ದಣಿಯುತ್ತದೆ. ಈ ಅಪಾಯವನ್ನು ನಾಲ್ಕನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದವನು ಕದಂಬರ ಮಯೂರಶರ್ಮ. ನಮ್ಮ ಮನೆಯಿಂದ ವಾಯುವಿಹಾರಕ್ಕೆ ಹೋಗುವಷ್ಟು ದೂರದಲ್ಲಿರುವ ಚಂದ್ರವಳ್ಳಿಯ ಬಂಡೆಯ ಮೇಲೆ ಅವನ ಪ್ರಾಕೃತ ಶಾಸನವಿದೆ. ಅದು ಆರಂಭವಾಗುವುದೇ ಈ ಕೆರೆಯನ್ನು ಕಟ್ಟಿಸಿದವನು ಕದಂಬರ ಮಯೂರಶರ್ಮ ಎಂದು. ಗೆದ್ದ ರಾಜ್ಯಗಳ ಪಟ್ಟಿ ಆಮೇಲೆ ಬರುತ್ತದೆ. ಹೆಸರನ್ನು ಬಿಟ್ಟು ಕೆರೆಯನ್ನಷ್ಟೇ ಎತ್ತಿಕೊಂಡು ಹೋಗಲು ಯಾರಿಂದಲೂ ಆಗದು, ಸಾಲದ್ದಕ್ಕೆ ಬಂಡೆ. ಅವನೂ ನನ್ನ ಹಾಗೆ ಕೆರೆ ತುಂಬಿದ ವಿಷಯವನ್ನು ಬರೆದು ಕೊನೆಯಲ್ಲಿ ಹೆಸರು ಕೆತ್ತಿಸಿದ್ದರೆ, ಇಷ್ಟು ಹೊತ್ತಿಗೆ ‘ಕೆರೆ ಕಟ್ಟಿಸಿದವರು ಯಾರೋ ತಿಳಿಯದು, ಅವರಿಗೊಂದು ನಮನ’ ಎಂದಾಗುತ್ತಿತ್ತು.

ಬೀಗರಿಗೆ ಉತ್ತರ ಕೊಡುವ ಪ್ರಶ್ನೆ ಉಳಿದಿತ್ತು. ‘ಅದು ನಾನೇ ಬರೆದದ್ದು’ ಎಂದು ಹೇಳಿದರೆ ಅವರಿಗೆ ಮುಖಭಂಗ. ಬೀಗರಿಗೆ ಮುಖಭಂಗವಾದರೆ ಅದರ ಬಡ್ಡಿ ಕಟ್ಟುವವಳು ನನ್ನ ಮಗಳು. ಹೆಂಡತಿಯನ್ನು ಕೇಳಿದೆ. ಅವಳು ಸಂದೇಶವನ್ನು ಪೂರ್ತಿ ಓದಿ, ತಾನು ಗದರಿದ ಭಾಗವನ್ನು ಎರಡು ಸಲ ಓದಿ, “ನಾನು ಸ್ಕೂಟರಿನ ಮೇಲೆ ಕೂತು ಬೈದದ್ದನ್ನು ಬೀಗರು ಓದುವ ಹಾಗೆ ಬರೆದಿದ್ದೀರಲ್ಲರೀ, ನಿಮಗೆ ನಾಚಿಕೆಯಾಗುವುದಿಲ್ಲವೇ? ಬರೆದವರು ನೀವೆಂದು ಗೊತ್ತಾದರೆ ಬೈದವಳು ನಾನೆಂದೂ ಗೊತ್ತಾಗುತ್ತದೆ. ಸುಮ್ಮನಿರಿ” ಎಂದಳು. ನಾನು ಕೈಮುಗಿದ ಚಿತ್ರವೊಂದನ್ನು ಅಂಟಿಸಿ, ‘ಅದ್ಭುತ ಬರಹ, ಬೀಗರೇ. ಖಂಡಿತ ಪ್ರಯತ್ನಿಸುತ್ತೇನೆ’ ಎಂದು ಉತ್ತರ ಕಳುಹಿಸಿದೆ.

ಆದರೆ ಒಳಗೆ ಹುಳ ಬಿಟ್ಟುಕೊಂಡಾಗಿತ್ತು. ಬೆಂಗಳೂರಿನ ಮಗನಿಗೆ ಫೋನ್ ಮಾಡಿದಾಗ ಅವನು, “ಅಪ್ಪಾ, ಒಂದು ಸಾಲನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿ, ಅಕ್ಷರಕ್ಕೆ ಅಕ್ಷರ ಅದೇ ಸಾಲಿರುವ ಜಾಗಗಳು ಮಾತ್ರ ಸಿಗುತ್ತವೆ” ಎಂದು ಉಪಾಯ ಹೇಳಿಕೊಟ್ಟ. ಅಜ್ಜಿಯ ಹಲ್ಲನ್ನು ಎರಡು ಚಿಹ್ನೆಗಳ ನಡುವೆ ಇಟ್ಟು ಹುಡುಕಿದೆ; ಆಮೇಲೆ ಬೇರೆ ಸಾಲುಗಳನ್ನೂ ಇಟ್ಟು, ಕೊನೆಗೆ ಚಿಹ್ನೆಗಳನ್ನು ತೆಗೆದೂ ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು.

ಮೊದಲನೆಯವನು ಪ್ರಾಮಾಣಿಕ ಕಳ್ಳ; ಒಂದು ಅಲ್ಪವಿರಾಮವನ್ನೂ ಕದಲಿಸದೆ ತನ್ನ ಹೆಸರನ್ನು ಹಾಕಿಕೊಂಡಿದ್ದ, ಅಷ್ಟೇ. ಚಿತ್ರದಲ್ಲಿ ಅವನಿಗೆ ಇಪ್ಪತ್ತೈದು ದಾಟಿದಂತಿರಲಿಲ್ಲ. 1933ರಲ್ಲಿ ಹಲ್ಲು ಬಿದ್ದ ಅಜ್ಜಿಯನ್ನು ಇವನು ಎಲ್ಲಿಂದ ತಂದನೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಬದಲಾಗಿ ಆರು ಸಾವಿರ ಜನ ಮೆಚ್ಚಿದ್ದರು, ಅನೇಕರು ಅಜ್ಜಿಯ ಆರೋಗ್ಯ ವಿಚಾರಿಸಿದ್ದರು, ಅವನು ‘ಚೆನ್ನಾಗಿದ್ದಾರೆ, ನಿಮ್ಮ ಆಶೀರ್ವಾದ’ ಎಂದು ಉತ್ತರಿಸಿದ್ದ. ನಾನು ಮಣ್ಣು ಹಾಕಿ ಬಂದ ಅಜ್ಜಿಯನ್ನು ಒಬ್ಬ ಅಪರಿಚಿತ ಬದುಕಿಸಿ ಸಾಕುತ್ತಿರುವಾಗ ಜಗಳಕ್ಕೆ ಹೋಗುವುದು ಹೇಗೆ? ಇನ್ನೊಂದು ಕಡೆ, ಸೂರ್ಯೋದಯದ ಚಿತ್ರದ ಮೇಲೆ, ‘ಕೋಡಿ ಬಿದ್ದ ಕೆರೆಯೂ ಹಲ್ಲು ಬಿದ್ದ ಮಗುವೂ ನಗುವುದನ್ನು ನಿಲ್ಲಿಸುವುದಿಲ್ಲ’ ಎಂಬ ಸುಭಾಷಿತವಾಗಿ ಅವಳು ಮಾರ್ಪಟ್ಟಿದ್ದಳು. ಕೆಳಗೆ ನಾಡಿಗೆಲ್ಲ ಗೊತ್ತಿರುವ ಕವಿಯೊಬ್ಬರ ಹೆಸರಿತ್ತು. ವೀಡಿಯೊ ಒಂದರಲ್ಲಿ ಯಂತ್ರದ ಹೆಣ್ಣುದನಿಯೊಂದು ನನ್ನ ಪ್ಯಾರಾಗಳನ್ನು ಉಸಿರೇ ತೆಗೆದುಕೊಳ್ಳದೆ ಓದುತ್ತಿತ್ತು. ತೋರಿಸುತ್ತಿದ್ದ ದೃಶ್ಯದಲ್ಲಿ ಸಾಲುಗಟ್ಟಿದ ಕ್ರೆಸ್ಟ್ ಗೇಟುಗಳಿಂದ ನೀರು ಭೋರ್ಗರೆಯುತ್ತಿತ್ತು. ಅದು ಎಲ್ಲಿಯ ಅಣೆಕಟ್ಟೆಯೋ. ನಮ್ಮ ಕಣಿವೆಯಲ್ಲಿ ತುಂಬಿದ ನೀರು ಯಾರ ಅಪ್ಪಣೆಗೂ ಕಾಯದೆ ಕೋಡಿಯ ಮೇಲೆ ತಾನಾಗಿ ಹರಿದು ಹೋಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಪದ ಬದಲಿಸಿದವನ ಕೆಲಸ. ನಕಲೆಂದು ಗೊತ್ತಾಗಬಾರದೆಂದು ಅವನು ಪ್ರತಿಯೊಂದು ಪದಕ್ಕೂ ಇನ್ನೊಂದು ಪದವನ್ನು ಹುಡುಕಿ ಕೂರಿಸಿದ್ದ, ಅಥವಾ ಯಂತ್ರದಿಂದ ಕೂರಿಸಿದ್ದ. ಹೀಗಾಗಿ ನಮ್ಮಜ್ಜಿ ಅಲ್ಲಿ, ‘ಕಣಿವೆಯು ಕೊಂಬು ಬಿದ್ದ ಸಂವತ್ಸರದಲ್ಲಿಯೇ ಮಮ ಮುಂಭಾಗದ ದಂತವು ಪತನಗೊಂಡಿತು ಎಂದು ನಮ್ಮ ವೃದ್ಧೆಯು ನುಡಿಯುತ್ತಿದ್ದಳು’ ಎಂದಾಗಿದ್ದಳು. ಮಾರಿಕಣಿವೆಯು ‘ಮಾರಾಟ ಮಾಡಿದ ಕಣಿವೆ’ ಆಗಿತ್ತು. ಕೋಡಿಗೂ ಕೋಡಿಗೂ ವ್ಯತ್ಯಾಸ ತಿಳಿಯದವನು, ಹಸುವಿಗಿರಬೇಕಾದ ಕೊಂಬನ್ನು ಜಲಾಶಯಕ್ಕೆ ಹಚ್ಚಿ ಅದನ್ನೂ ಬೀಳಿಸಿದ್ದ. ನನ್ನ ಹೆಸರಿಲ್ಲದ್ದಕ್ಕೆ ನಾನು ಆ ದೇವರಿಗೆ ಕೈಮುಗಿದದ್ದು ಇದೊಂದೇ ಸಂದರ್ಭದಲ್ಲಿ.

ಹನ್ನೊಂದನ್ನೂ ಮುದ್ರಿಸಿಕೊಂಡು, ಹಳೆಯ ಅಭ್ಯಾಸದಂತೆ ಕೆಂಪು ಮಸಿಯ ಪೆನ್ನು ಹಿಡಿದು, ಮೂಲದೊಂದಿಗೆ ತಾಳೆ ನೋಡಲು ಕುಳಿತೆ. ಒಂದರಲ್ಲಿ ಅಜ್ಜಿ ಅಮ್ಮನಾಗಿದ್ದಳು, ಇನ್ನೊಂದರಲ್ಲಿ ಮೊಸರನ್ನ ಬಿರಿಯಾನಿಯಾಗಿತ್ತು, ಮತ್ತೊಂದರಲ್ಲಿ ಹೆಂಡತಿ ಬೈಯುವ ಭಾಗವನ್ನು ಯಾರೋ ಸಂಸಾರಸ್ಥರು ಜಾಣತನದಿಂದ ಕೈಬಿಟ್ಟಿದ್ದರು. ಎಲ್ಲದರಲ್ಲಿಯೂ, ವೃದ್ಧೆಯ ದಂತ ಪತನವಾದದ್ದರಲ್ಲಿಯೂ ಕೂಡ, ಕದಲದೆ ಉಳಿದ ವಾಕ್ಯ ಒಂದೇ: ‘1933ರಲ್ಲಿ ಕೋಡಿ ಬಿದ್ದಿದ್ದ ಕಣಿವೆ 99 ವರ್ಷಗಳ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಿದೆ.’ ಹನ್ನೊಂದು ಕಡೆ ಟಿಕ್ ಹಾಕಿದೆ. ಹನ್ನೊಂದನೆಯ ಟಿಕ್ ಹಾಕುವಾಗ ಕೈ ನಿಂತಿತು. ಪೆನ್ನನ್ನು ಕೆಳಗಿಟ್ಟು ಬೆರಳುಗಳ ಮೇಲೆ ಎಣಿಸಿದೆ; ಆಮೇಲೆ ಹಾಳೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಬರೆದು ಕಳೆದೆ. ಎಂಬತ್ತೊಂಬತ್ತು ಬಂತು.

ನನ್ನ ವೃತ್ತಿಯವರಿಗೆ ತಪ್ಪು ಹುಡುಕುವ ಕೆಲವು ಹಳೆಯ ಗುಟ್ಟುಗಳಿವೆ. ಎರಡು ಮೊತ್ತಗಳ ನಡುವಿನ ವ್ಯತ್ಯಾಸ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿರಬಹುದೆಂದು ನೋಡಬೇಕು. ವ್ಯತ್ಯಾಸ ಸರಿಯಾಗಿ ಹತ್ತು ಬಂದರೆ ಹತ್ತರ ಸ್ಥಾನದಲ್ಲಿ ಕೈ ತಪ್ಪಿದೆ. ಇಲ್ಲಿ ತಪ್ಪಿದ್ದು ಎರಡನೆಯ ಬಗೆಯದು. ಎರಡರಲ್ಲಿ ಮೂರು ಹೋಗದು, ಪಕ್ಕದ ಮನೆಯಿಂದ ಸಾಲ ತರಬೇಕು. ತಂದು, ಹನ್ನೆರಡರಲ್ಲಿ ಮೂರು ಕಳೆದು ಒಂಬತ್ತು ಬರೆದೆ. ಆದರೆ ಪಕ್ಕದ ಮನೆಯಲ್ಲಿ ಆ ಸಾಲದಿಂದ ಒಂದು ಕಡಿಮೆಯಾಗಿದೆಯೆಂಬುದನ್ನು ಮರೆತು ಅಲ್ಲಿಯೂ ಹನ್ನೆರಡರಲ್ಲಿಯೇ ಮೂರು ಕಳೆದಿದ್ದೆ. ಮೂವತ್ತೆರಡು ವರ್ಷ ಊರಿನವರ ಲೆಕ್ಕಕ್ಕೆಲ್ಲ ಆಕ್ಷೇಪಣೆ ಬರೆದವನು, ಮೂರನೆಯ ತರಗತಿಯ ವ್ಯವಕಲನದಲ್ಲಿ ತಂದ ಸಾಲವನ್ನೇ ಮರೆತಿದ್ದೆ. ಎರಡು ವರ್ಷಗಳನ್ನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಇಟ್ಟಿದ್ದರೂ, ನನ್ನ 41 ಜನರಾಗಲಿ ಅವನ ಆರು ಸಾವಿರ ಜನರಾಗಲಿ ಕಳೆದು ನೋಡಿರಲಿಲ್ಲ. 2025ರ ಜನವರಿಯಲ್ಲಿ ಕಣಿವೆ ಮೂರನೆಯ ಸಲ ಕೋಡಿ ಬಿದ್ದಾಗ ಅದೇ ಬರಹಕ್ಕೆ ‘ಇದೀಗ ಬಂದ ಸುದ್ದಿ’ ಎಂಬ ಪಟ್ಟಿ ಕಟ್ಟಿ ಮತ್ತೆ ಓಡಿಸಿದರು. ಹಿಂದಿನ ಕೋಡಿಯಾಗಿ ಎರಡು ವರ್ಷ ನಾಲ್ಕು ತಿಂಗಳು ಆಗಿತ್ತು. ಆದರೂ ಕಣಿವೆ ತುಂಬಿದ್ದು 99 ವರ್ಷಗಳ ನಂತರವೇ.

ಇದನ್ನು ಹೀಗೆಯೇ ಬಿಡಬಾರದೆಂದು, ನಮ್ಮ ಕಚೇರಿಯ ದಾವೆಗಳನ್ನು ನೋಡಿಕೊಳ್ಳುತ್ತಿದ್ದ ಪರಿಚಯದ ವಕೀಲರೊಬ್ಬರ ಬಳಿಗೆ ಮುದ್ರಿತ ಪ್ರತಿಗಳ ಕಟ್ಟು ಹಿಡಿದು ಹೋದೆ. ಅವರು ಕನ್ನಡಕ ಏರಿಸಿಕೊಂಡು ಗಂಭೀರವಾಗಿಯೇ ಆರಂಭಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಬರಹ ಬರೆದವನದು, ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ. ಈ ಹಕ್ಕು ನಾನು ಬದುಕಿರುವವರೆಗೂ, ಸತ್ತ ಮೇಲೆ 60 ವರ್ಷಗಳವರೆಗೂ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ಮಾರಿದರೂ ಬರೆದವನು ನಾನೆಂದು ಹೇಳಿಕೊಳ್ಳುವ ಅಧಿಕಾರ ನನ್ನಲ್ಲಿಯೇ ಉಳಿಯುತ್ತದೆ. ಜಾಲತಾಣದವರಿಗೆ ಲಿಖಿತ ದೂರು ಕೊಟ್ಟರೆ ಅವರು 36 ಗಂಟೆಯೊಳಗೆ ಆ ನಕಲು ಕಾಣದಂತೆ ಮಾಡಬೇಕು; ಆದರೆ ನಾನು 21 ದಿನದೊಳಗೆ ನ್ಯಾಯಾಲಯದ ಆದೇಶ ತಂದು ತೋರಿಸದಿದ್ದರೆ ಅವರು ಅದನ್ನು ಮತ್ತೆ ಹಾಕಿಕೊಳ್ಳಬಹುದು. ದಾವೆ ಹೂಡಲು ಕಳ್ಳನ ಊರಿಗೆ ಹೋಗಬೇಕಾಗಿಲ್ಲ, ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿಯೇ ಹೂಡಬಹುದು. ನಾನು ಎಂಬತ್ತೈದರವರೆಗೆ ಬದುಕಿದರೆ 2048. ಅದಕ್ಕೆ ಅರವತ್ತು ಕೂಡಿಸಿದರೆ 2108ರವರೆಗೆ ಅಜ್ಜಿಯ ಹಲ್ಲು ಸುರಕ್ಷಿತವೆಂದು ಲೆಕ್ಕ ಹಾಕಿ, ಕೂಡುವ ಲೆಕ್ಕವಾದ್ದರಿಂದ ಸಾಲದ ಭಯವಿಲ್ಲದಿದ್ದರೂ, ಇನ್ನೊಮ್ಮೆ ಪರೀಕ್ಷಿಸಿದೆ.

ಆಮೇಲೆ ಅವರು ಕನ್ನಡಕ ಇಳಿಸಿದರು. “ಆದರೆ ಸಾರ್, ಕಾಯ್ದೆ ಕಾಪಾಡುವುದು ನೀವು ಹೇಳಿದ ರೀತಿಯನ್ನು, ಹೇಳಿದ ಸಂಗತಿಯನ್ನಲ್ಲ. ಕಣಿವೆ, ವೇದಾವತಿ, 1907, 1933, ನೂರಾ ಮೂವತ್ತು ಅಡಿ, ಇವೆಲ್ಲ ಯಾರಪ್ಪನ ಸೊತ್ತೂ ಅಲ್ಲ. ಹಲ್ಲಿನ ಮಾತು ನಿಮ್ಮಜ್ಜಿಯದೆಂದು ನೀವೇ ಬರೆದುಕೊಂಡಿದ್ದೀರಿ. ಬೈದದ್ದು ಮನೆಯವರು.” ಪ್ರತಿಗಳನ್ನು ತಿರುವಿಹಾಕಿದರು. “ಈ ತೊಂಬತ್ತೊಂಬತ್ತು ಒಂದು ಮಾತ್ರ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ್ದು. ಇದು ಪೂರ್ತಿ ನಿಮ್ಮದೇ.”

ತಪ್ಪೇ ಸಾಕ್ಷಿಯಾಗಬಹುದೇ ಎಂದು ಆಸೆಯಿಂದ ಕೇಳಿದೆ. ಆಗಬಹುದೆಂದರು. ನಕ್ಷೆ ಮಾಡುವವರು ನಕಲುಗಾರರನ್ನು ಹಿಡಿಯಲು ಇಲ್ಲದ ಓಣಿಯೊಂದನ್ನು ಬೇಕೆಂದೇ ಸೇರಿಸುವುದುಂಟಂತೆ; ಕದ್ದವನ ನಕ್ಷೆಯಲ್ಲಿಯೂ ಆ ಓಣಿ ಕಂಡರೆ ಕೈಗೆ ಕೋಳ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಒಂದು ದೂರವಾಣಿ ಕಂಪನಿ ತನ್ನ ಡೈರೆಕ್ಟರಿಯಲ್ಲಿ ಇಂಥ ನಾಲ್ಕು ಸುಳ್ಳು ಹೆಸರುಗಳನ್ನು ಸೇರಿಸಿತ್ತು. ಇನ್ನೊಂದು ಕಂಪನಿ ಸಾವಿರಕ್ಕೂ ಮಿಕ್ಕಿ ಹೆಸರುಗಳನ್ನು ಎತ್ತುವಾಗ ಆ ನಾಲ್ವರನ್ನೂ ಎತ್ತಿಕೊಂಡು ಸಿಕ್ಕಿಬಿದ್ದಿತು. “ಆಮೇಲೆ?” ಎಂದೆ. “ಆಮೇಲೇನು, 1991ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಸುಳ್ಳು ಹೆಸರು ಸೇರಿಸಿದವರೇ ಸೋತರು. ಹೆಸರು, ವಿಳಾಸ, ನಂಬರು ಇವು ಬರೀ ಸಂಗತಿಗಳು, ಅಕಾರಾದಿಯಾಗಿ ಜೋಡಿಸಿದ್ದರಲ್ಲಿ ಸ್ವಂತಿಕೆ ಏನಿದೆ ಎಂದರು ನ್ಯಾಯಮೂರ್ತಿಗಳು” ಎಂದು ವಕೀಲರು ಕಟ್ಟನ್ನು ನನ್ನ ಕಡೆಗೆ ಸರಿಸಿದರು. ಅಲ್ಲದೆ, ಸಾಕ್ಷಿಕಟ್ಟೆಯಲ್ಲಿ ನಿಂತು ‘ಲೆಕ್ಕಾಧಿಕಾರಿಯಾಗಿದ್ದ ನಾನು ಕಳೆಯುವ ಲೆಕ್ಕ ತಪ್ಪಿದ್ದೇನೆ, ಆದ್ದರಿಂದ ಈ ಬರಹ ನನ್ನದು’ ಎಂದು ಪ್ರಮಾಣ ಮಾಡಿ ಹೇಳಬೇಕಾಗುತ್ತದೆ, ನಿವೃತ್ತಿ ವೇತನ ಪಡೆಯುತ್ತಿರುವವರು ಯೋಚಿಸಿ ನೋಡಿ ಎಂದು ಎಚ್ಚರಿಸಿದರು. ಶುಲ್ಕ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಮಾತ್ರ, “ಸಾರ್, ಇದರದ್ದೊಂದು ಪ್ರತಿ ನನಗೂ ಕಳುಹಿಸಿ, ನಮ್ಮ ಗುಂಪಿಗೆ ಹಾಕುತ್ತೇನೆ” ಎಂದರು.

ಆ ವಾರವೇ ಗಣರಾಜ್ಯೋತ್ಸವ ಬಂತು. ನಮ್ಮ ಬಡಾವಣೆಯ ಶಾಲೆಯವರು ಹಿರಿಯ ನಾಗರಿಕರಿಗೆಂದು ಷಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಭಾಷಣ ಸ್ಪರ್ಧೆಯ ವಿಷಯ ‘ನಮ್ಮ ಜಿಲ್ಲೆಯ ಹೆಮ್ಮೆ’. ಮೂವರು ಕೋಟೆಯ ಬಗ್ಗೆ, ಇಬ್ಬರು ಒನಕೆ ಓಬವ್ವನ ಬಗ್ಗೆ ಮಾತನಾಡಿದ ಮೇಲೆ, ಏಳನೆಯ ತರಗತಿಯ ಹುಡುಗನೊಬ್ಬ ಬಂದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, “ಕಣಿವೆ ಕೋಡಿ ಬಿದ್ದ ವರ್ಷವೇ ನನ್ನ ಮುಂದಿನ ಹಲ್ಲೂ ಬಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು” ಎಂದು ಶುರುಮಾಡಿದ. ಅವನಜ್ಜಿ ಮೂರನೆಯ ಸಾಲಿನಲ್ಲಿಯೇ ಕುಳಿತಿದ್ದರು. ವಯಸ್ಸು ಹೆಚ್ಚೆಂದರೆ ಐವತ್ತೈದು. ಮೊಮ್ಮಗನನ್ನು ನೋಡಿ ಮೂವತ್ತೆರಡು ಹಲ್ಲುಗಳನ್ನೂ ತೋರಿಸಿ ನಗುತ್ತಿದ್ದರು.

ಹುಡುಗ “ಹಲ್ಲು ಆರು ತಿಂಗಳಿಗೆ ಮತ್ತೆ ಬಂತಂತೆ” ಎನ್ನುವವರೆಗೆ ಚೆನ್ನಾಗಿ ಹೇಳಿ ಅಲ್ಲಿ ನಿಂತುಬಿಟ್ಟ. ಮುಂದಿನದು ಮರೆತಿತ್ತು. ಕಣ್ಣು ಮೇಲೆ ಹೋಯಿತು, ತುಟಿ ಒಣಗಿತು, ಸಮವಸ್ತ್ರದ ಚಡ್ಡಿಯ ಅಂಚನ್ನು ಬೆರಳುಗಳು ಹಿಂಡತೊಡಗಿದವು. ಕದ್ದ ಮಾಲೇ ಆಗಿರಲಿ, ನನ್ನ ವಾಕ್ಯವೊಂದು ಹೀಗೆ ಅರ್ಧಕ್ಕೆ ನಿಂತು ಬಿಸಿಲಲ್ಲಿ ಒಣಗುವುದನ್ನು ನೋಡಲು ನನ್ನಿಂದಾಗಲಿಲ್ಲ. “ಕೋಡಿ ಮಾತ್ರ…” ಎಂದೆ, ಕೆಮ್ಮಿದಂತೆ ಮಾಡಿ. ಹುಡುಗ ಹಗ್ಗ ಸಿಕ್ಕವನಂತೆ ಹಿಡಿದುಕೊಂಡು, “ಕೋಡಿ ಮಾತ್ರ ಅವಳ ಜೀವಮಾನದಲ್ಲಿ ಮತ್ತೆ ಬರಲಿಲ್ಲ” ಎಂದು ಓಡಿದ. ಮುಂದೆ ಎರಡು ಕಡೆ ನಿಂತಾಗಲೂ ನಾನೇ ಕೆಮ್ಮಿದೆ. ಮೂರನೆಯ ಕೆಮ್ಮಿಗೆ ಶಿಕ್ಷಕಿಯೊಬ್ಬರು ಬಂದು ಬಗ್ಗಿ, “ಸಾರ್, ದಯವಿಟ್ಟು ಹೇಳಿಕೊಡಬೇಡಿ, ಇದು ಸ್ಪರ್ಧೆ. ನಿಮ್ಮ ಮೊಮ್ಮಗನೇ ಆಗಿದ್ದರೂ ತಪ್ಪು” ಎಂದರು. ಹುಡುಗನಿಗೆ ಎರಡನೆಯ ಬಹುಮಾನ ಬಂತು. ತೊಂಬತ್ತೊಂಬತ್ತು ಎಂಬ ಪದವನ್ನು ಅವನು ಕೈಯೆತ್ತಿ ಹೇಳಿದಾಗ ಜೋರಾದ ಚಪ್ಪಾಳೆ ಬಿದ್ದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಲಾಡು ತಿನ್ನುತ್ತಿದ್ದ ಹುಡುಗನನ್ನು ಹತ್ತಿರ ಕರೆದು, “ಭಾಷಣ ಯಾರು ಬರೆದುಕೊಟ್ಟರಪ್ಪಾ?” ಎಂದೆ. “ನಮ್ಮಪ್ಪ ಬರೆದದ್ದು ತಾತ. ರಾತ್ರಿ ಹನ್ನೆರಡರ ತನಕ ಕೂತು ಬರೆದರು” ಎಂದ, ಎದೆಯುಬ್ಬಿಸಿ. ಕಿಸೆಯಿಂದ ಹಾಳೆ ತೆಗೆದು ತೋರಿಸಿದ. ನೀಲಿ ಮಸಿಯಲ್ಲಿ, ಒತ್ತಕ್ಷರಗಳನ್ನು ಜೋಪಾನವಾಗಿ ಕೆಳಗಿಳಿಸಿ, ಮೊಬೈಲ್ ನೋಡಿಕೊಂಡು ಬರೆದ ನಾಲ್ಕು ಪುಟ. ಕಾಟು ಹೊಡೆದ ಒಂದು ಗುರುತೂ ಇರಲಿಲ್ಲ. ಅಪ್ಪ ಅಲ್ಲಿಯೇ ಇದ್ದ. ನನ್ನ ಮುಖವನ್ನು ಒಮ್ಮೆ ನೋಡಿ, ಷಾಮಿಯಾನದ ಕಂಬಕ್ಕೆ ಕಟ್ಟಿದ್ದ ಹಗ್ಗದ ಗಂಟನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಅಕ್ಷರ ಚೆನ್ನಾಗಿದೆಯೆಂದು ಹೇಳಿ ನನ್ನ ಪಾಲಿನ ಲಾಡುವನ್ನೂ ಹುಡುಗನಿಗೆ ಕೊಟ್ಟು ಬಂದೆ.

ಫೆಬ್ರವರಿಯಲ್ಲಿ ಹೊಸದುರ್ಗದ ಕಡೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು, ನನ್ನ ಮೂಲ ಬರಹವನ್ನು ಹೇಗೋ ಹುಡುಕಿ ಓದಿ, ಅದರ ಕೆಳಗೆ ಸೌಜನ್ಯದಿಂದ ಒಂದು ಸಾಲು ಬರೆದರು: ‘ಮಾನ್ಯರೇ, 2022ರಲ್ಲಿ 1933 ಕಳೆದರೆ 89. ದಯವಿಟ್ಟು ಅನ್ಯಥಾ ಭಾವಿಸಬೇಡಿ.’ ಎರಡು ವರ್ಷದಲ್ಲಿ ನನ್ನ ಬರಹವನ್ನು ನಿಜವಾಗಿ ಓದಿದ ಮೊದಲ ಮನುಷ್ಯ ಇವರೇ ಎಂದು ನನಗೆ ಕಣ್ಣು ತುಂಬಿ ಬಂತು. ಅವರಿಗೆ ಧನ್ಯವಾದ ಹೇಳಿ, ಕೂಡಲೇ ತಿದ್ದಿ, 89 ಮಾಡಿದೆ. ಲೆಕ್ಕದವನ ಮಾನ ಉಳಿಯಿತೆಂದು ಆ ರಾತ್ರಿ ಒಳ್ಳೆಯ ನಿದ್ರೆ ಬಂತು.

ನಾಲ್ಕೇ ದಿನಕ್ಕೆ ಅಪರಿಚಿತ ಯುವಕನೊಬ್ಬ ಅದೇ ಜಾಗದಲ್ಲಿ ಬರೆದ: ‘ಸಾರ್, ಇದು ಹಳೆಯ ಫಾರ್ವರ್ಡ್. ವಯಸ್ಸಾದವರು ನೀವು, ಬೇರೆಯವರ ಬರಹಕ್ಕೆ ಹೆಸರು ಹಾಕಿಕೊಳ್ಳಬಾರದು. ಕದ್ದರೂ ಸರಿಯಾಗಿ ಕದಿಯಬೇಕು. ಮೂಲದಲ್ಲಿ 99 ವರ್ಷ ಎಂದಿದೆ, ನೀವು 89 ಮಾಡಿ ಕೆಡಿಸಿದ್ದೀರಿ.’ ಸಾಕ್ಷಿಗೆಂದು ಆ ಆರು ಸಾವಿರದವನ ಬರಹದ ಚಿತ್ರವನ್ನೂ ಅಂಟಿಸಿದ್ದ. ನನ್ನದರ ತಾರೀಖನ್ನು ನೋಡಪ್ಪಾ, ಸೆಪ್ಟೆಂಬರ್ 2022 ಎಂದಿದೆಯಲ್ಲ ಎಂದೆ. ‘ತಿದ್ದಲಾಗಿದೆ ಎಂದೂ ಇದೆಯಲ್ಲ. ಹಳೆಯ ತಾರೀಖಿನ ಪೋಸ್ಟಿನೊಳಗೆ ಈಗ ತುಂಬಿಸಿದ್ದೀರಿ’ ಎಂದ. ತಿದ್ದಿದ ಇತಿಹಾಸವನ್ನು ತೆರೆದು ನೋಡು ಎಂದೆ. ‘ನೋಡಿದೆ. ಮೊದಲು 99 ಇತ್ತು, ಸಿಕ್ಕಿಬೀಳುತ್ತೇನೆಂದು ಬದಲಿಸಿದ್ದೀರಿ’ ಎಂದ. ಅವನ ಮಾತಿಗೆ ಸಂಜೆಯೊಳಗೆ 57 ಮೆಚ್ಚುಗೆ ಬಿದ್ದವು. ನನ್ನ ಜೀವಮಾನದ ದಾಖಲೆ 41.

ರಾತ್ರಿ ಊಟವಾದ ಮೇಲೆ, ಹೆಂಡತಿ ಮಲಗಿದ್ದಾಳೆಂದು ಖಚಿತಪಡಿಸಿಕೊಂಡು, ಎಂಟನ್ನು ಅಳಿಸಿ ಮತ್ತೆ ಒಂಬತ್ತು ಮಾಡಿದೆ. ಹೊಸದುರ್ಗದ ಮೇಷ್ಟ್ರು ಕ್ಷಮಿಸಬೇಕು.

ಮರುದಿನ ಭಾನುವಾರ ಬೀಗರ ಫೋನ್ ಬಂತು. ಕುಶಲವೆಲ್ಲ ವಿಚಾರಿಸಿದ ಮೇಲೆ ಅವರು ದನಿ ತಗ್ಗಿಸಿ, “ಬೀಗರೇ, ಲೆಕ್ಕದವರು ನೀವು, ಅದಕ್ಕೇ ಕೇಳುತ್ತೇನೆ. ಆವತ್ತು ಕಳುಹಿಸಿದ್ದೆನಲ್ಲ, ಆ ಕಣಿವೆಯ ಬರಹ, ಅದನ್ನು ಮೊಮ್ಮಗಳಿಗೆ ಓದಿಸುತ್ತಿದ್ದೆ. ತೊಂಬತ್ತೊಂಬತ್ತು ತಪ್ಪು, ಎಂಬತ್ತೊಂಬತ್ತು ಆಗಬೇಕು ಎಂದು ಹಟ ಹಿಡಿದು ಕೂತಿದ್ದಾಳೆ. ಅಷ್ಟು ದೊಡ್ಡ ಲೇಖಕರು ಅಂಥ ತಪ್ಪು ಬರೆಯುತ್ತಾರೆಯೇ?” ಎಂದರು.

ಹಿಂದಿನಿಂದ ನನ್ನ ಮೊಮ್ಮಗಳು, “ಪಕ್ಕದ ಮನೆಯಿಂದ ಸಾಲ ತಂದಿದ್ದನ್ನು ಮರೆತಿದ್ದಾರೆ ತಾತ!” ಎಂದು ಕೂಗುತ್ತಿದ್ದುದು ಕೇಳಿಸುತ್ತಿತ್ತು.

“ಛೆ, ಛೆ, ಎಲ್ಲಾದರೂ ಉಂಟೇ ಬೀಗರೇ” ಎಂದೆ.